ಸಹಾಯ ಬೇಕು: ಟಂಗ್‌ಸ್ಟನ್ ಅದಿರಿನ ಅಂದಾಜು

ಗೆಳೆಯರೇ, ಶಂಕರಘಟ್ಟದಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದೇನೆ. ರಾಜಸ್ಥಾನದ ಡೇಗಾನಾದಲ್ಲಿರುವಂತೆ ಬೆಣಚುಕಲ್ಲಿನ ಸಿರಗಳಲ್ಲಿ (ಬಂಡೆಯ ಬಿರುಕುಗಳಲ್ಲಿ ತುಂಬಿಕೊಂಡ ಪಟ್ಟಿಗಳಲ್ಲಿ) ಟಂಗ್‌ಸ್ಟನ್ ಅದಿರಾದ ವುಲ್ಫ್ರಮೈಟ್ ಇರುವ ಗಣಿಯೊಂದರ ಲೆಕ್ಕವನ್ನು ಅಭ್ಯಾಸಕ್ಕೆ ಕೊಟ್ಟಿದ್ದಾರೆ. ಅದಿರು ಗಂಟುಗಂಟಾಗಿ ಕೂತಿದೆ: ಒಂದು ಮೀಟರಿನ ಮಾದರಿಯಲ್ಲಿ ಶೇ. 2ರಷ್ಟು ಟಂಗ್‌ಸ್ಟನ್ ಆಕ್ಸೈಡ್, ಪಕ್ಕದ ಮೀಟರಿನಲ್ಲಿ ಶೇ. 0.05. ಆ ಒಂದೇ ಮಾದರಿ ಇಡೀ ಬ್ಲಾಕಿನ (ಲೆಕ್ಕಕ್ಕಾಗಿ ವಿಂಗಡಿಸಿದ ಗಣಿಯ ತುಂಡಿನ) ಸರಾಸರಿಯನ್ನು ಏರಿಸಿಬಿಡುತ್ತದೆ. ಇಂಥ ಕಡೆ ಗರಿಷ್ಠ ಮಿತಿಯನ್ನು, ಅಂದರೆ ಅದಕ್ಕಿಂತ ಹೆಚ್ಚು ಬಂದ ಮಾದರಿಗಳನ್ನು ಇಳಿಸಿ ಲೆಕ್ಕ ಹಾಕುವ ಅಂಕಿಯನ್ನು, ಹೇಗೆ ನಿಗದಿ ಮಾಡುವುದು? ಮಾದರಿಗಾಗಿ ಕೊರೆದ ಕೊಳವೆ ರಂಧ್ರಗಳು ಎಷ್ಟು ಹತ್ತಿರವಿದ್ದರೆ ಅದಿರನ್ನು, ವಿಶ್ವಸಂಸ್ಥೆಯ ಖನಿಜ ವರ್ಗೀಕರಣದಲ್ಲಿ (UNFC) ಖಚಿತತೆ ಕಡಿಮೆಯಿರುವ 333ರ ಊಹಿತ ವರ್ಗದಿಂದ ಹೆಚ್ಚು ಖಚಿತವಾದ 332ರ ಸೂಚಿತ ವರ್ಗಕ್ಕೆ ಏರಿಸಬಹುದು? ಸಿರ ಮುಂದುವರಿದಿದೆ ಎಂದ ಮಾತ್ರಕ್ಕೆ ಅದರೊಳಗಿನ ಅದಿರೂ ಮುಂದುವರಿದಿದೆ ಎನ್ನಲು ನನಗೆ ಮನಸ್ಸು ಒಪ್ಪುತ್ತಿಲ್ಲ. ಗಣಿ ಕೆಲಸ ಬಲ್ಲವರು, ಕೆಮ್ಮಣ್ಣುಗುಂಡಿಯ ಕಬ್ಬಿಣದ ಅದಿರನ್ನು ಅಳೆದ ಹಿರಿಯರಿದ್ದರೆ ಅವರೂ, ದಯವಿಟ್ಟು ತಿಳಿಸಿ. ಕೇಳಿದವರಿಗೆ ಲೆಕ್ಕದ ಹಾಳೆ ಕಳುಹಿಸುತ್ತೇನೆ.