ಪ್ಯಾಟರ್ನ್ ನಾಣ್ಯ ಕೊಳ್ಳುವ ಮುಂಚೆ ಏನು ನೋಡಬೇಕು?

ಪ್ರಶ್ನೆ: ನಮಸ್ಕಾರ ಸರ್. 19ನೇ ಶತಮಾನದ ಅಮೆರಿಕದ ಪ್ಯಾಟರ್ನ್ ನಾಣ್ಯಗಳನ್ನು, ಅಂದ್ರೆ ಟಂಕಸಾಲೆಯವರು ಪರೀಕ್ಷೆಗೆ ಅಂತ ಹೊಡೆದು ನೋಡಿದವನ್ನು, ಸಂಗ್ರಹಿಸೋಣ ಅಂತಿದ್ದೇನೆ. 1856ರ ಫ್ಲೈಯಿಂಗ್ ಈಗಲ್ ಸೆಂಟ್ ಒಂದು ಮಾರಾಟಕ್ಕಿದೆ. ಗ್ರೇಡಿಂಗ್ ಆಗಿಲ್ಲ, ಅಂದ್ರೆ ಪರಿಣಿತರು ಪರೀಕ್ಷಿಸಿ ದರ್ಜೆ ಕೊಟ್ಟಿಲ್ಲ, ರೇಟ್ ಕಡಿಮೆ ಇದೆ. ತಗೊಳ್ಳಬಹುದಾ?

ಉತ್ತರ: ಸದ್ಯಕ್ಕೆ ಬೇಡ. ಇದರಲ್ಲಿ ನಕಲಿ ಜಾಸ್ತಿ. 1858ರ ಸೆಂಟ್ ತಗೊಂಡು ಕೊನೆಯ 8ನ್ನು ಕೆರೆದು 6 ಮಾಡಿಬಿಡುತ್ತಾರೆ. ಎರಡರಲ್ಲೂ ಶೇ. 88 ತಾಮ್ರ, ಶೇ. 12 ನಿಕಲ್, ತೂಕವೂ ಅದೇ 4.67 ಗ್ರಾಂ, ಹಾಗಾಗಿ ತೂಕ ಹಾಕಿ ಪ್ರಯೋಜನವಿಲ್ಲ. ಭೂತಗನ್ನಡಿ ಹಿಡಿದು 5ನ್ನು ನೋಡಿ. ಅಸಲಿಯಲ್ಲಿ ಅದರ ನೆಟ್ಟಗಿನ ಗೆರೆ, ಆ 5ರ ಬಾಲದ ತುದಿಯಲ್ಲಿರುವ ಗುಂಡಿನ ನಡುವಿಗೆ ಗುರಿ ಇಟ್ಟಂತಿರುತ್ತದೆ, 1858ರದ್ದರಲ್ಲಿ ಗುಂಡಿನ ಎಡಕ್ಕೆ ಹೋಗುತ್ತದೆ. 6ರ ಸುತ್ತ ಕೆರೆದ ಗುರುತಿದ್ದರೆ ಅಲ್ಲಿಗೇ ಬಿಡಿ. ಅಂದಹಾಗೆ, ಕಾಂಗ್ರೆಸ್ ಸದಸ್ಯರಿಗೆ ತೋರಿಸಲು ಹೊಡೆದ ನಾಣ್ಯವಿದು, ಆಮೇಲೆ ಸಂಗ್ರಾಹಕರು ಕೇಳಿದ್ದಕ್ಕೆ ಟಂಕಸಾಲೆ ಮತ್ತೆ ಹೊಡೆಯಿತು. ಆದರೂ ದುಬಾರಿಯೇ.

ಪ್ರಶ್ನೆ: ನನ್ನದೂ ಒಂದು ಡೌಟು ಸರ್. 1879ರ ನಾಲ್ಕು ಡಾಲರಿನ ಸ್ಟೆಲ್ಲಾ, ಹೊಂಬಣ್ಣ ಇದೆ. ಚಿನ್ನದ್ದೇ ಅಂತ ನಂಬಬಹುದಾ?

ಉತ್ತರ: ಬಣ್ಣ ನೋಡಿ ನಂಬಬೇಡಿ ಮೇಡಂ. ಪ್ಯಾಟರ್ನ್ ವಿಷಯದಲ್ಲಿ ನಾನು ಎಲ್ಲರಿಗೂ ಹೇಳುವುದು ಇದನ್ನೇ, ಚಿತ್ರ ಆಮೇಲೆ, ಮೊದಲು ಲೋಹ ನೋಡಿ. ಒಂದೇ ಅಚ್ಚಿನಲ್ಲಿ ಬೇರೆಬೇರೆ ಲೋಹ ಹೊಡೆದಿದ್ದಾರೆ. ಫ್ಲೋಯಿಂಗ್ ಹೇರ್ (ಇಳಿಬಿಟ್ಟ ಕೂದಲಿನ ಚಿತ್ರದ) ಸ್ಟೆಲ್ಲಾ ಚಿನ್ನದ್ದಾದರೆ ಜಡ್ ನಂಬರ್, ಅಂದರೆ ಪ್ಯಾಟರ್ನ್‌ಗಳ ಕ್ಯಾಟಲಾಗ್ ಸಂಖ್ಯೆ, 1635, ತಾಮ್ರದ್ದು 1636, ಅಲ್ಯೂಮಿನಿಯಂದು 1637. ನೋಡಲು ಒಂದೇ, ಬೆಲೆ ಮಾತ್ರ ಎಲ್ಲಿಂದೆಲ್ಲಿಗೋ. ತಾಮ್ರದ್ದಕ್ಕೆ ಚಿನ್ನದ ಲೇಪ ಹಾಕಿದ್ದೂ ಉಂಟು. ಇಲ್ಲಿ ತೂಕ ಕೆಲಸಕ್ಕೆ ಬರುತ್ತದೆ. ಲಿಬರ್ಟಿ, ಅಂದರೆ ಸ್ವಾತಂತ್ರ್ಯ ದೇವಿಯ ತಲೆಯ ಸುತ್ತ ನಕ್ಷತ್ರಗಳ ನಡುವೆ 7 ಗ್ರಾಂ ಅಂತ ನಾಣ್ಯದಲ್ಲೇ ಬರೆದಿದೆ. ಅಷ್ಟೇ ಅಗಲ, ಅಷ್ಟೇ ದಪ್ಪದ ತಾಮ್ರ ಅದರ ಅರ್ಧದಷ್ಟು ತೂಗುತ್ತದೆ ಅಷ್ಟೇ. ತೂಕ ಸರಿ ಬಂದರೂ ಪಿಸಿಜಿಎಸ್ ಅಥವಾ ಎನ್‌ಜಿಸಿ ಎಂಬ ಗ್ರೇಡಿಂಗ್ ಕಂಪನಿಗಳ ಸ್ಲ್ಯಾಬಿನಲ್ಲಿ (ಮುಚ್ಚಿ ಸೀಲ್ ಮಾಡಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ) ಇಲ್ಲದೆ ದುಡ್ಡು ಕೊಡಬೇಡಿ.

ಪ್ರಶ್ನೆ: ಹಾಗಾದ್ರೆ ಹೊಸಬರು ಯಾವುದರಿಂದ ಶುರು ಮಾಡೋದು ಸರ್? ಮಂಕಾದ ತಾಮ್ರದ್ದನ್ನು ತೊಳೆಯಬಹುದಾ?

ಉತ್ತರ: 1866ರ ಐದು ಸೆಂಟಿನ ಪ್ಯಾಟರ್ನ್‌ಗಳನ್ನು ನೋಡಿ, ನನಗೆ ತುಂಬಾ ಇಷ್ಟ. ನಿಕಲ್ ನಾಣ್ಯಕ್ಕೆ ಯಾವ ಚಿತ್ರ ಹಾಕೋಣ ಅಂತ ವಾಷಿಂಗ್ಟನ್ ಮುಖವನ್ನೂ ಹೊಡೆದು ನೋಡಿದ್ದರು. ಸ್ಟೆಲ್ಲಾಗಿಂತ ಎಷ್ಟೋ ಕಡಿಮೆ ಬೆಲೆಗೆ ಸಿಗುತ್ತವೆ. ತೊಳೆಯುವುದು ಮಾತ್ರ ಬೇಡವೇ ಬೇಡ, ಉಜ್ಜಿದ ತಾಮ್ರಕ್ಕೆ ಹಳೇ ಬಣ್ಣ ಮತ್ತೆ ಬರುವುದಿಲ್ಲ, ಗ್ರೇಡಿಂಗ್‌ನವರು ಕೂಡಲೇ ಕಂಡುಹಿಡಿಯುತ್ತಾರೆ.