ಎದೆ ಉರಿ ಅಂದ್ರೆ ಗ್ಯಾಸ್ಟ್ರಿಕ್ಕೋ ಹಾರ್ಟೋ? ಮನೆಮಂದಿನೆಲ್ಲ ಜಯದೇವ ಹಾರ್ಟ್ ಆಸ್ಪತ್ರೆಗೆ ಕರ್ಕೊಂಡೋಗ್ಬೇಕಾ?

ಪಾಂಡವಪುರದ ಹೈದ:
ನಮಸ್ಕಾರ ಎಲ್ರಿಗೂ. ನಮ್ಮಪ್ಪಂಗೆ 54, ಕಬ್ಬು ಬೆಳೀತಾರೆ, ಮೈ ಬಗ್ಸಿ ದುಡಿಯೋ ಜೀವ, ಬೊಜ್ಜು ಗಿಜ್ಜು ಇಲ್ಲ, ಆದ್ರೆ ದಿನಕ್ಕೊಂದು ಕಟ್ಟು ಬೀಡಿ. ಹೋದ್ವಾರ ಗದ್ದೇಲಿ ಕೆಲ್ಸ ಮಾಡ್ತಾ ಎದೆ ಉರೀತದೆ ಅಂತ ಬದುವಿನ ಮೇಲೆ ಕೂತ್ಬುಟ್ರಂತೆ, ಹತ್ನಿಮಿಷಕ್ಕೆ ಕಮ್ಮಿ ಆಯ್ತು. ಮಾರ್ನೇ ದಿನ ಕ್ಲಿನಿಕ್ಕಿಗೆ ಕರ್ಕೊಂಡೋದ್ರೆ ಬಿಪಿ 160/100. ಗ್ಯಾಸ್ಟ್ರಿಕ್ ಮಾತ್ರೆ, ಬಿಪಿ ಮಾತ್ರೆ ಎರಡೂ ಬರ್ಕೊಟ್ರು, ಅಪ್ಪ ಗ್ಯಾಸ್ಟ್ರಿಕ್ಕಿಂದು ಮಾತ್ರ ನುಂಗ್ತಾವ್ರೆ, ಬಿಪಿದು ಶುರು ಮಾಡುದ್ರೆ ಸಾಯೋಗಂಟ ಬಿಡಂಗಿಲ್ಲ ಅಂತ ಡಬ್ಬೀಲಿ ಹಂಗೇ ಇಟ್ಟವ್ರೆ. 2025ರಲ್ಲಿ ಹಾಸನದಲ್ಲಿ ಹಾರ್ಟ್ ಅಟ್ಯಾಕಾಗಿ ಸಾಲಾಗಿ ಜನ ಸಾಯ್ತಾವ್ರೆ ಅಂತ ಸುದ್ದಿ ಬಂದಾಗ ಜನ ಮೈಸೂರು ಜಯದೇವ ಮುಂದೆ ಕ್ಯೂ ನಿಂತಿದ್ರಲ್ಲ, ಹಂಗೆ ನಾನೂ ಅಪ್ಪ ಅವ್ವ ತಮ್ಮ ಎಲ್ರಿಗೂ ಒಂದ್ಸಲ ಇಸಿಜಿ ಮಾಡಿಸ್ಬುಟ್ರೆ ನೆಮ್ಮದಿ ಅನ್ಕೊಂಡಿದೀನಿ. ಸರೀನಾ?

ಸಿಸ್ಟರ್ ಅಕ್ಕ:
ತಾಲೂಕು ಆಸ್ಪತ್ರೇಲಿ ಸ್ಟಾಫ್ ನರ್ಸ್ ನಾನು. ಇಸಿಜಿ ಆ ಗಳಿಗೇಲಿ ತೆಗ್ದ ಫೋಟೋ ಇದ್ದಂಗೆ ಅಷ್ಟೇ, ಇವತ್ತು ನಾರ್ಮಲ್ ಅಂತ ಬಂದೋರಿಗೆ ನಾಳೆ ಅಟ್ಯಾಕ್ ಆಗ್ಬಾರ್ದು ಅಂತೇನಿಲ್ಲ. ಏನೂ ತೊಂದ್ರೆ ಇಲ್ಲದ ನಿಮ್ಮವ್ವನ್ನ, ತಮ್ಮನ್ನ ಕ್ಯೂನಲ್ಲಿ ನಿಲ್ಸೋದು ಬೇಡ, ಅವರಿಗೆ ಊರಲ್ಲೇ ಬಿಪಿ ಶುಗರ್ ನೋಡ್ಸಿ. ನಿಮ್ಮಪ್ಪಂದು ಮಾತ್ರ ಬೇರೆ ಕತೆ. ಕೆಲ್ಸ ಮಾಡ್ವಾಗ ಬಂದು ಕೂತಾಗ ಕಮ್ಮಿ ಆಗೋ ಉರಿ ಹೃದಯದ ರಕ್ತನಾಳ ಕಿರಿದಾಗಿರೋದ್ರಿಂದಲೂ ಬರುತ್ತೆ, ಆಂಜೈನಾ ಅಂತಾರೆ. ಈ ವಾರಾನೇ ತೋರ್ಸಿ.

ಅಕಸ್ಮಾತ್ ಮತ್ತೆ ಬಂದು ಕೂತ್ರೂ ನಿಲ್ಲಲಿಲ್ಲ, ಬೆವರು, ಎಡಗೈ ಇಲ್ಲ ದವಡೆ ನೋವು ಅಂದ್ರೆ ಬೈಕಲ್ಲಿ ಕೂರಿಸ್ಕೊಂಡು ಮೈಸೂರಿಗೆ ಓಡಬೇಡಿ, 108ಕ್ಕೆ ಫೋನ್ ಮಾಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆಯಲ್ಲ, ಅದಿರೋ ತಾಲೂಕು ಆಸ್ಪತ್ರೇಲಿ ಇಸಿಜಿ ತೆಗ್ದು ದೊಡ್ಡಾಸ್ಪತ್ರೆ ಡಾಕ್ಟ್ರಿಗೆ ಕಳಿಸಿ, ಅವರು ಹೂಂ ಅಂದ್ರೆ ಹೆಪ್ಪು ಕರಗಿಸೋ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಅಲ್ಲೇ ಫ್ರೀ ಕೊಡ್ತಾರೆ. ನಿಮ್ಮ ಆಸ್ಪತ್ರೇಲಿ ಇದೆಯಾ ಅಂತ ಈಗ್ಲೇ ವಿಚಾರಿಸಿಡಿ, ಆವತ್ತು ವಿಚಾರಿಸಕ್ಕೆ ಟೈಮಿರಲ್ಲ.

ಬೀಡಿ ತಾತನ ಮೊಮ್ಮಗ:
ನಮ್ ತಾತ ಬೀಡಿ ಸೇದ್ಕೊಂಡೇ 88 ವರ್ಷ ಬದುಕಿದ್ರು, ಮುದ್ದೆ ತಿಂದೋರಿಗೆ ಹಾರ್ಟ್ ಪ್ರಾಬ್ಲಮ್ ಬರಲ್ಲ ಗುರು. ಎಲ್ಲ ಆಸ್ಪತ್ರೆಯೋರ ಬಿಸಿನೆಸ್ಸು.

ಕುಕ್ಕರಹಳ್ಳಿ ವಾಕರ್:
@ಬೀಡಿ ತಾತನ ಮೊಮ್ಮಗ, ನಾನೂ ಮುದ್ದೆ ತಿಂದೇ ಬೆಳೆದೋನು ಸ್ವಾಮಿ, 47ಕ್ಕೆ ಹೃದಯದ ರಕ್ತನಾಳ ಮುಚ್ಚದಂಗೆ ಸ್ಟೆಂಟ್ ಹಾಕಿಸ್ಕೊಂಡೆ. ರಾತ್ರಿ 11ಕ್ಕೆ ಎದೆ ಮೇಲೆ ಯಾರೋ ಅಕ್ಕಿ ಮೂಟೆ ಇಟ್ಟಂಗಾಯ್ತು, ಬಾಡೂಟ ಜಾಸ್ತಿ ಆಯ್ತು ಅಂತ ಸೋಡಾ ಕುಡ್ದು ಮಲಗ್ದೆ, ನಮ್ಮನೆಯೋಳು ಬೈದು ಎಬ್ಬಿಸಿದ್ದು ಬೆಳಗಿನ ಜಾವ 4ಕ್ಕೆ. ಆ ಐದು ಗಂಟೇಲಿ ಹೃದಯದ ಒಂದಷ್ಟು ಮಾಂಸಖಂಡ ಸತ್ತೋಯ್ತು, ಈಗ ಎರಡು ಮಹಡಿ ಹತ್ತಿದ್ರೆ ಏದುಸಿರು, ಸಂಜೆಗೆ ಕಾಲು ಊದುತ್ತೆ.

ಬಿಸಿನೆಸ್ ಅನ್ನೋದೇನೋ ಪೂರ್ತಿ ಸುಳ್ಳಲ್ಲ, ಬಿಲ್ ನೋಡಿ ನಂಗೂ ಹೊಟ್ಟೆ ಉರಿದಿದೆ. ಆದ್ರೆ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 2022ರಲ್ಲಿ ಪ್ರಪಂಚದಾದ್ಯಂತ ಹೃದಯ, ರಕ್ತನಾಳದ ಕಾಯಿಲೆಗೆ ಸತ್ತೋರು ಸುಮಾರು 1.98 ಕೋಟಿ, ಹೆಚ್ಚುಕಮ್ಮಿ ಮೂರು ಸಾವಲ್ಲಿ ಒಂದು. ನಮ್ಮೋರಿಗಂತೂ ಪಾಶ್ಚಾತ್ಯರಿಗಿಂತ ಹತ್ತು ವರ್ಷ ಮುಂಚೇನೇ ಬರುತ್ತೆ, ಅಂದ್ರೆ ದುಡಿಯೋ ವಯಸ್ಸಲ್ಲಿ. ಹಾಸನದ ಸಾವುಗಳನ್ನ ನೋಡಿದ ಸಮಿತಿಗೆ ಸಿಕ್ಕಿದ್ದೂ ಬಿಪಿ, ಶುಗರ್, ಸಿಗರೇಟು ಅನ್ನೋ ಹಳೇ ಕಾರಣಗಳೇ.

ಮಳವಳ್ಳಿ ಮಗಳು:
ಹಾರ್ಟ್ ಹಾರ್ಟ್ ಅಂತ ಎಲ್ರೂ ಲಕ್ವ ಮರೀತೀರ. ನಮ್ಮಮ್ಮ ಬಿಪಿ ನಾರ್ಮಲ್ ಬಂತು ಅಂತ ಮಾತ್ರೆ ಬಿಟ್ರು, ನಾರ್ಮಲ್ ಬಂದಿದ್ದೇ ಮಾತ್ರೆಯಿಂದ ಅಂತ ಯಾರೂ ಬಿಡಿಸಿ ಹೇಳಿರ್ಲಿಲ್ಲ. ಆರು ತಿಂಗಳಿಗೆ ಬಾಯಿ ಸೊಟ್ಟ ಆಗಿ ಬಲಗೈ ಬಿದ್ದೋಯ್ತು. ನಾವು ಮೊದ್ಲು ಹೋಗಿದ್ದು ನಾಟಿ ಔಷಧಿಗೆ. ಮೆದುಳಿನ ಹೆಪ್ಪು ಕರಗ್ಸೋ ಇಂಜೆಕ್ಷನ್ ನಾಲ್ಕೂವರೆ ಗಂಟೆ ಒಳಗೆ ಕೊಡ್ಬೇಕಂತೆ, ನಾವು ಆಸ್ಪತ್ರೆ ಸೇರಿದ್ದು ಮಾರ್ನೇ ದಿನ. ಈಗ ನಾನು ಗಾರ್ಮೆಂಟ್ಸ್ ಕೆಲ್ಸ ಬಿಟ್ಟು ಮನೇಲಿದೀನಿ, ಅಮ್ಮಂಗೆ ಊಟ ಮಾಡ್ಸಕ್ಕೂ ಒಬ್ರು ಬೇಕು. ಆ ಬಿಪಿ ಮಾತ್ರೆ ತಿಂಗಳಿಗೆ ಎಷ್ಟಾಗ್ತಿತ್ತು ಅಂತ ನೆನೆಸ್ಕೊಂಡ್ರೆ ಅಳು ಬರುತ್ತೆ, ಸರ್ಕಾರಿ ಆಸ್ಪತ್ರೇಲಿ ಪುಕ್ಸಟ್ಟೆ ಸಿಗ್ತಿತ್ತು.

ಪಾಂಡವಪುರದ ಹೈದ:
ಮಳವಳ್ಳಿ ಅಕ್ಕ, ನೀವು ಬರ್ದಿದ್ದು ಅಪ್ಪಂಗೆ ಓದಿ ಹೇಳ್ದೆ, ಏನೂ ಮಾತಾಡ್ಲಿಲ್ಲ, ಎದ್ದು ಹಟ್ಟಿ ಕಡೆ ಹೋದ್ರು. ರಾತ್ರಿ ಅವ್ವನ ಹತ್ರ ಆ ಡಬ್ಬಿ ಎಲ್ಲಿ ಅಂತ ಕೇಳುದ್ರಂತೆ. ಬೀಡಿ ಮಾತ್ರ ಇನ್ನೂ ನಿಂತಿಲ್ಲ. ಬುಧವಾರ ಅಪ್ಪನ್ನೊಬ್ರನ್ನೇ ಕರ್ಕೊಂಡು ಮೈಸೂರಿಗೆ ಹೊಂಟಿದೀವಿ. ಖಾಲಿ ಹೊಟ್ಟೇಲಿ ಬರ್ಬೇಕಾ?

ಸಿಸ್ಟರ್ ಅಕ್ಕ:
ಇಸಿಜಿ, ಎಕೋ ಅನ್ನೋ ಹೃದಯದ ಸ್ಕ್ಯಾನಿಂಗಿಗೆ ಖಾಲಿ ಹೊಟ್ಟೆ ಬೇಡ, ತಿಂಡಿ ತಿನ್ನಿಸ್ಕೊಂಡೇ ಹೊರಡಿ. ಆ ಡಬ್ಬಿನೂ ಹಳೇ ಚೀಟಿನೂ ಮರೀದೆ ತಗೊಂಡೋಗಿ.