‘ಆಶೀರ್ವಾದವೇ ಉಡುಗೊರೆ’ ಅಂತ ಹಾಕಿಸಿದ್ದಕ್ಕೆ ಅಮ್ಮ ಮುನಿಸಿಕೊಂಡಿದ್ದಾರೆ

ಚನ್ನರಾಯಪಟ್ಟಣದವನು:
ಮಾಘದಲ್ಲಿ ನನ್ನ ಮದುವೆ. ಬೆಂಗಳೂರಿನ ಗೆಳೆಯರನ್ನು ನೋಡಿ ನಾನೂ ಕಾರ್ಡಿನ ಕೆಳಗೆ ‘ಆಶೀರ್ವಾದವೇ ಉಡುಗೊರೆ’ ಅಂತ ಹಾಕಿಸಿದೆ. ಪ್ರೂಫ್ ನೋಡಿದ ಅಮ್ಮ ಎರಡು ದಿನ ಮಾತೇ ಆಡಲಿಲ್ಲ. ಮೂರನೇ ದಿನ ಟ್ರಂಕಿನಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದು ಮುಂದಿಟ್ಟರು. ಮುಯ್ಯಿ ಪುಸ್ತಕ. 1994ರಲ್ಲಿ ಅವರ ಮದುವೆಗೆ ಯಾರು ಎಷ್ಟು ಮುಯ್ಯಿ ಮಾಡಿದರು, ಆಮೇಲೆ ಇವರು ಯಾರಿಗೆ ಎಷ್ಟು ಮಾಡಿದರು, ಎಲ್ಲ ಇದೆ. 51 ರೂಪಾಯಿ, 101, ಒಂದು ಸ್ಟೀಲ್ ಕೊಡ, ಒಂದು ಜೊತೆ ಕಾಲುಂಗುರ.

‘ಮೂವತ್ತು ವರ್ಷ ಊರಿಗೆಲ್ಲ ಹಾಕ್ಕೊಂಡು ಬಂದಿದೀನಿ. ನೀನು ಒಂದೇ ಸಾಲಲ್ಲಿ ಮನ್ನಾ ಮಾಡಿಬಿಟ್ಟೆಯಲ್ಲಪ್ಪ’ ಅಂದರು.

ನಾನು ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲೇ ಇರೋದು, ನಗಬೇಡಿ. ಮುಯ್ಯಿ ಉಡುಗೊರೆಯೋ ಸಾಲವೋ?

ಅರಸೀಕೆರೆ ರೈತ:
ಅಮ್ಮ ಹೇಳಿದ್ದು ಸರಿ. ನೂರು ಮನೆಗೆ ಚೂರು ಚೂರು ಕೊಟ್ಟಿದ್ದು ನಮ್ಮ ಮನೆಗೆ ಖರ್ಚು ಬಿದ್ದ ದಿನವೇ ಒಟ್ಟಿಗೆ ಬರುತ್ತೆ. ತಂಗಿ ಮದುವೆಯಲ್ಲಿ ಅಡುಗೆಯವರಿಗೂ ಶಾಮಿಯಾನದವರಿಗೂ ಆ ದುಡ್ಡಿನಲ್ಲೇ ಕೊಟ್ಟೆವು. ಬಡ್ಡಿ ಇಲ್ಲ, ಜಾಮೀನು ಇಲ್ಲ. ಆದರೆ ಅವರು 101 ಹಾಕಿದ್ದರೆ ನಾವು ಒಂದಿಷ್ಟು ಸೇರಿಸಿಯೇ ಹಾಕಬೇಕು. ಅಷ್ಟಕ್ಕಷ್ಟೇ ಹಾಕಿದರೆ ಲೆಕ್ಕ ಚುಕ್ತಾ, ಇನ್ನು ನಿಮ್ಮ ಸಹವಾಸ ಬೇಡ ಅಂದ ಹಾಗೆ.

ತೀರ್ಥಹಳ್ಳಿಯವಳು:
ನಮ್ಮಲ್ಲಿ ದುಡಿಮೆಗೂ ಇದೇ ಲೆಕ್ಕ ಇತ್ತು, ಮುಯ್ಯಾಳು. ನಾಟಿಗೆ ಅವರ ಮನೆಯಿಂದ ನಾಲ್ಕು ಜನ ಬಂದರೆ ಅವರ ಗದ್ದೆಗೆ ನಮ್ಮಿಂದ ನಾಲ್ಕು ಜನ. ಮಳೆ ಬಂದಾಗ ಎಲ್ಲರಿಗೂ ಒಟ್ಟಿಗೇ ಆಳು ಬೇಕು, ಆದರೆ ಯಾರ ಕೈಯಲ್ಲೂ ಆಗ ಕಾಸಿರುತ್ತಿರಲಿಲ್ಲ, ಅದಕ್ಕೇ. ಈಗ ನಾಟಿಗೆ ಮಷಿನ್ ಕರೆಸುತ್ತೇವೆ. ಸಲೀಸು. ಪಕ್ಕದ ಮನೆಯವರ ಗದ್ದೆಗೆ ಇಳಿದು ಎಷ್ಟು ವರ್ಷ ಆಯ್ತೋ.

ಉಡುಪಿ ಮಾವ:
ಒಂದು ತಕರಾರು ಇದೆ. ಮುಯ್ಯಿ ಅಂದರೆ ಬಡವರಿಗೆ ಎದೆ ಧಸಕ್ ಅನ್ನುತ್ತೆ. ನಮ್ಮ ದೊಡ್ಡಮ್ಮ ಕವರಿಗೆ ಹಾಕಲು ದುಡ್ಡಿಲ್ಲದೆ ‘ಮೈ ಹುಷಾರಿಲ್ಲ’ ಅಂತ ಎಷ್ಟೋ ಮದುವೆ ತಪ್ಪಿಸಿದ್ದಾರೆ. ನೋಟ್‌ಬುಕ್ಕಿನಲ್ಲಿ ಹೆಸರಿಲ್ಲದವರ ಕಥೆ ಬೇರೆಯೇ.

ಸಣ್ಣ ದುಡ್ಡನ್ನು ಕೂಡಿಡಲು ಇನ್ನೊಂದು ದಾರಿ ನಮ್ಮೂರಲ್ಲೇ ಹುಟ್ಟಿತು ನೋಡಿ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಬ್ಯಾಂಕು (ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು) 1928ರಲ್ಲಿ ಪಿಗ್ಮಿ ತಂದಿತು. ಏಜೆಂಟ್ ದಿನಾ ಮನೆ ಬಾಗಿಲಿಗೆ ಬರುತ್ತಿದ್ದ, ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಜನ ನಂಬಿದ್ದು ಬ್ಯಾಂಕಿನ ಕಟ್ಟಡವನ್ನಲ್ಲ, ದಿನಾ ಬರುವ ಆ ಮುಖವನ್ನು. ಅಲ್ಲಿ ಕಡಿಮೆ ಕಟ್ಟಿದರೆ ಆಡಿಕೊಳ್ಳುವವರೂ ಇಲ್ಲ, ಅಲ್ವಾ?

ಚನ್ನರಾಯಪಟ್ಟಣದವನು:
ಮಾವ, ದೊಡ್ಡಮ್ಮನ ವಿಷಯ ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು, ‘ಹಾಗಿದ್ದವರ ಮನೆಗೆ ನಾನೇ ಹೋಗಿ ಕರೀತೀನಿ, ಕವರ್ ತರಬೇಡಿ ಅಂತ ಕಿವಿಯಲ್ಲಿ ಹೇಳ್ತೀನಿ, ಕಾರ್ಡಿನಲ್ಲಿ ಯಾಕೆ’ ಅಂದರು.

ಈಗ ಎರಡು ಥರದ ಕಾರ್ಡು ಅಚ್ಚಾಗುತ್ತಿದೆ. ಬೆಂಗಳೂರಿನವರಿಗೆ ಆ ಸಾಲು ಇರುವುದು, ಊರಿಗೆ ಇಲ್ಲದ್ದು. ಹೊಸ ನೋಟ್‌ಬುಕ್ ತರಲು ಹೇಳಿದ್ದಾರೆ, 200 ಪುಟದ್ದೇ ಬೇಕಂತೆ.